ಮರಿಯಳ ತೋಳಿನ ಕೂಸು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರಶಾಲೆಯ ನಿರ್ದೇಶಕರು ಠಾಣೆಗೆ ಬಂದರು. ಅವರ ದೂರು ಕೇಳಿ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಏನು ಕಳುವಾಗಿದೆ?"

"ಏನೂ ಹೋಗಿಲ್ಲ ಸರ್. ಚಿತ್ರದೊಳಕ್ಕೆ ಒಂದು ಮಗು ಬಂದಿದೆ."

ಹೆಡ್ ಕಾನ್‌ಸ್ಟೇಬಲ್ ಕೆಮ್ಮುವ ನೆಪದಲ್ಲಿ ನಗು ನುಂಗಿಕೊಂಡ. ನಿರ್ದೇಶಕರ ಮುಖ ಮಾತ್ರ ಸುಟ್ಟ ಬದನೆಕಾಯಿಯಂತಿತ್ತು. ಎಫ್‌ಐಆರ್ ದಾಖಲಾಯಿತು.

ಚಿತ್ರ ಗೋಡೆಯಷ್ಟು ದೊಡ್ಡದು. ಬೆಟ್ಟ, ಹೊಳೆ, ಮಬ್ಬು ಸಂಜೆ. ಮೂಲೆಯಲ್ಲಿ ಹೆಬ್ಬೆರಳಷ್ಟು ಎತ್ತರದ ಇಬ್ಬರು ದಾರಿಹೋಕರು. ಗಂಡಸು ಮುಂದೆ, ಕೂಸನ್ನೆತ್ತಿಕೊಂಡ ಹೆಂಗಸು ಹಿಂದೆ. ದೇಶ ಬಿಟ್ಟು ಓಡುತ್ತಿರುವ ಜೋಸೆಫ್, ಮರಿಯ, ಬಾಲ ಯೇಸು ಎಂದೇ ಜನ ತಲೆಮಾರುಗಳಿಂದ ನಂಬಿದ್ದರು. ಕಳೆದ ವರ್ಷ ಚಿತ್ರ ಶುಚಿ ಮಾಡಿಸುವಾಗ, ಕೂಸನ್ನು ಆಮೇಲೆ ಯಾರೋ ಸೇರಿಸಿದ್ದೆಂದು ಗೊತ್ತಾಗಿ ತೆಗೆಸಿದರು. ಫಲಕವೂ ಬದಲಾಯಿತು: 'ಲೋಕ ತೊರೆದ ಇಬ್ಬರು ವಿರಾಗಿಗಳು.' ಈಗ ಕೂಸು ಮರಳಿ ಬಂದಿತ್ತು.

"ಯಾರೋ ಭಕ್ತರ ಕೆಲಸ," ಎಂದರು ನಿರ್ದೇಶಕರು. "ಮಗು ತೆಗೆದಾಗ ಎಷ್ಟು ಜನ ಬೈದು ಹೋದ್ರು!"

ಇನ್‌ಸ್ಪೆಕ್ಟರಿಗೂ ಹಾಗೇ ಅನಿಸಿತ್ತು. ಆದರೆ ಪಂಚನಾಮೆಗೆ ಬಂದ ಪ್ರಯೋಗಾಲಯದ ತಜ್ಞ ಭೂತಗನ್ನಡಿ ಇಳಿಸಿ ಹೇಳಿದ: "ಮೊದಲು ವಾರ್ನಿಶ್ ಬಳಿದು ಅದರ ಮೇಲೆ ಬರೆದಿದ್ದಾರೆ. ಹತ್ತಿಯಲ್ಲಿ ಒರೆಸಿದ್ರೆ ಹೋಗುತ್ತೆ. ಹಳೇ ಬಣ್ಣಕ್ಕೆ ಕೂದಲೆಳೆಯಷ್ಟೂ ಪೆಟ್ಟಾಗಿಲ್ಲ."

ಕಿಡಿಗೇಡಿಗೆ ಇಷ್ಟು ಜೋಪಾನ ಯಾಕೆ? ಇನ್‌ಸ್ಪೆಕ್ಟರ್ ನಿರ್ದೇಶಕರತ್ತ ತಿರುಗಿ ಕೇಳಿದರು, "ಅವತ್ತು ಮಗು ತೆಗೆದವರು ಯಾರು?"

ಚಿತ್ರಗಳ ದುರಸ್ತಿ ಮಾಡುವಾಕೆ ಮಹಡಿಯ ಕೋಣೆಯಲ್ಲಿ ಕುಂಚ ತೊಳೆಯುತ್ತಿದ್ದಳು.

"ನಿನ್ನೆ ರಜೆ. ಎಲ್ಲಿದ್ರಿ ಅಮ್ಮ?"

"ಇಲ್ಲೇ. ನಾನೇ ಬರೆದೆ ಸರ್."

"ತೆಗೆದಿದ್ದೂ ನೀವೇ ಅಲ್ವಾ?"

"ಹೌದು. ಕೂಸು ಹೋದ ಮೇಲೂ ಅವಳ ತೋಳು ಮಡಚಿಕೊಂಡೇ ಇತ್ತು. ಅದನ್ನ ನೋಡಿಯೂ ಇವರು ವಿರಾಗಿ ಅಂದ್ರು." ಆಕೆ ಕುಂಚ ಒರೆಸಿಟ್ಟಳು. "ಆಸ್ಪತ್ರೆಯಿಂದ ಬರಿಗೈಲಿ ಬಂದಾಗ ನನ್ನ ತೋಳೂ ಹಾಗೇ ಇತ್ತು. ಎಷ್ಟೋ ದಿನ ನೆಟ್ಟಗೆ ಮಾಡೋಕೇ ಆಗ್ಲಿಲ್ಲ. ಅವಳು ಲೋಕ ಬಿಟ್ಟವಳಲ್ಲ ಸರ್, ಮಗು ಕಳಕೊಂಡವಳು."

ಇನ್‌ಸ್ಪೆಕ್ಟರ್ ಟಿಪ್ಪಣಿ ಪುಸ್ತಕ ಮುಚ್ಚಿದರು.

ಜೊತೆಗೆ ಬಂದಿದ್ದ ನಿರ್ದೇಶಕರ ದನಿ ಇಳಿಯಿತು. "ನೋಡಮ್ಮ, ನೀನೇ ಒರೆಸಿಬಿಡು. ರಾಜಿ ಮಾಡ್ಕೊಳ್ಳೋಣ. ಕೆಲಸವೂ ಉಳಿಯುತ್ತೆ."

ಹತ್ತಿ ಮೇಜಿನ ಮೇಲೇ ಇತ್ತು. ಆಕೆ ಅದನ್ನು ಮುಟ್ಟಲಿಲ್ಲ.

"ಒಂದು ಸಲ ಒರೆಸಿದೀನಿ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ಬೇರೆ ಯಾರ ಕೈಲಾದ್ರೂ ಮಾಡಿಸಿ."

ಮಧ್ಯಾಹ್ನ ಎರಡಕ್ಕೆ ಬಂಧನವಾಯಿತು. ಆಕೆ ಹಾಗೆ ಮಾಡಿದ್ದಕ್ಕೆ ಕಾರಣ ಏನು ಬರೆಯಲೆಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಮಗು ತೀರಿಹೋಗಿತ್ತು ಅಂತ ಬರಿ," ಎಂದರು ಇನ್‌ಸ್ಪೆಕ್ಟರ್. "ಅಷ್ಟೇ ಸಾಕು."