ಗರಾಜ್ ಸೇಲಿಗೆ ಹೋದ ಚೀಲ

ಬೆಳಗ್ಗೆ ಒಂಬತ್ತಕ್ಕೆ ಚನ್ನಮ್ಮ ಕಪಾಟು ತೆರೆದರು. ಕಂದು ಬಣ್ಣದ ಚರ್ಮದ ಚೀಲ ಅಲ್ಲಿರಲಿಲ್ಲ. ಅದರಲ್ಲಿ ಅವರ ಪಾಸ್‌ಪೋರ್ಟ್ ಇತ್ತು. ಮಂಗಳವಾರ ಅವರ ವಿಮಾನ.

ಕೆಳಗೆ ಗರಾಜಿನಲ್ಲಿ ಸೇಲು ಭರ್ಜರಿಯಾಗಿ ನಡೆದಿತ್ತು. ಅದು 2000ದ ಮೇ ತಿಂಗಳ ಕೊನೆಯ ಶನಿವಾರ. ಅಮೆರಿಕದ ಎಡಿಸನ್ ಊರಿನಲ್ಲಿ ಅಕ್ಕಪಕ್ಕದ ಎರಡು ಮನೆಯವರು ಸೇರಿ ಹಳೆಯ ಸಾಮಾನು ಮಾರುತ್ತಿದ್ದರು. ಒಂದು ಮನೆ ಚನ್ನಮ್ಮನ ಮಗ ಅಮರೇಶ್ವರ ಮತ್ತು ಸೊಸೆ ಅರ್ಪಿತಾಳದು. ಇನ್ನೊಂದು ಲಾವಣ್ಯಾಳದು. ಮಗನ ಕೂಸನ್ನು ನೋಡಿಕೊಳ್ಳಲು ಚನ್ನಮ್ಮ ಧಾರವಾಡದಿಂದ ಬಂದಿದ್ದರು.

ಲಾವಣ್ಯಾ ಮೈಸೂರಿನವಳು. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ತಪ್ಪುತ್ತದೆಂದು ಹುಡುಕುವುದೇ ಅವಳ ನೌಕರಿ. ಸೇಲಿನ ಯೋಜನೆಯೂ ಅವಳದೇ: ಪೇಪರಿನಲ್ಲಿ ಜಾಹೀರಾತು, ತಿರುವು ತಿರುವಿಗೆ ರಟ್ಟಿನ ಬೋರ್ಡು, ಪ್ರತಿಯೊಂದಕ್ಕೂ ಬೆಲೆಯ ಸ್ಟಿಕರ್.

"ನನ್ನ ಕಂದು ಚೀಲ ಯಾರರ ನೋಡೀರೇನು?" ಚನ್ನಮ್ಮ ಮೆಟ್ಟಿಲ ಮೇಲಿಂದಲೇ ಕೇಳಿದರು.

ಲಾವಣ್ಯಾ ಕೈಯಲ್ಲಿದ್ದ ಸ್ಟಿಕರ್ ಹಾಳೆ ಕೆಳಗಿಟ್ಟಳು. ಆ ಚೀಲವನ್ನು ಮಾರಿದವಳು ಅವಳೇ. ಎಂಟಕ್ಕೆ ಶುರುವಾಗಬೇಕಿದ್ದ ಸೇಲಿಗೆ ಏಳೂವರೆಗೇ ಪಿಕ್‌ಅಪ್ ಟ್ರಕ್ಕಿನಲ್ಲಿ ಬಂದ ಒಬ್ಬ ಮುದುಕ ಅದನ್ನು ಕೊಂಡಿದ್ದ.

"ಹಳೇ ಸಾಮಾನಿನ ಜೋಡಿ ನೀನ ಇಟ್ಟಿರಬೇಕವ್ವಾ," ಎಂದ ಅಮರೇಶ್ವರ. "ಆದದ್ದಾತು. ಕಾನ್ಸುಲೇಟಿನವರನ್ನ ಕೇಳೀನಿ, ಹೊಸಾದಕ್ಕ ಆರು ವಾರ ಬೇಕಂತ. ಅಲ್ಲೀತನಾ ಇರು."

"ಆರು ವಾರ? ಧಾರವಾಡದಾಗ ಜೂನ್ ಐದಕ್ಕ ನನ್ನ ಹೊಲಿಗಿ ಸಾಲಿ ಸುರು ಆಗ್ತದ. ಇಪ್ಪತ್ತು ಹುಡುಗ್ಯಾರು ಹೆಸರು ಹಚ್ಯಾರ." ಚನ್ನಮ್ಮ ಮೆಟ್ಟಿಲಿಳಿದು ಬಂದರು. "ನಾ ಆ ಚೀಲಾ ಮುಟ್ಟೇ ಇಲ್ಲ."

\* \* \*

ಮುದುಕ ಹಳೆಯ ವಸ್ತುಗಳ ವ್ಯಾಪಾರಿ. ತನ್ನ ಕಾರ್ಡು ಕೊಟ್ಟು ಹೋಗಿದ್ದ. ಲಾವಣ್ಯಾ ಫೋನ್ ಮಾಡಿದಳು. ಬರುತ್ತೇನೆಂದ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಯಾರೋ ಟೋಸ್ಟರಿನ ಬೆಲೆ ಕೇಳಿದರೆ ದೀಪದ ಬೆಲೆ ಹೇಳಿದಳು. ಅಷ್ಟು ಬೇಗ ಬಂದವನು, ಅಷ್ಟು ಅವಸರದಲ್ಲಿ ಹೋದವನು. ಚೀಲದಲ್ಲಿ ಏನಿದೆಯೆಂದು ನೋಡಿಯೇ ಕೊಂಡನೇ?

ಮುಕ್ಕಾಲು ಗಂಟೆಯಲ್ಲಿ ಟ್ರಕ್ಕು ಬಂತು. ಚೀಲ ಖಾಲಿ. ಕೊಂಡ ಚೀಲವನ್ನು ಟ್ರಕ್ಕಿಗೆ ಹಾಕುವ ಮೊದಲೇ ಬಿಚ್ಚಿ ನೋಡುವುದು ತನ್ನ ಅಭ್ಯಾಸ, ಆಗಲೂ ಅದು ಖಾಲಿಯಿತ್ತು ಎಂದ ಮುದುಕ. ಲಾವಣ್ಯಾ ಅವನ ಮುಖ ನೋಡಿದಳು. ಕದ್ದವನಾದರೆ ಒಂದು ಫೋನಿಗೆ ಇಷ್ಟು ದೂರ ಯಾಕೆ ಬರುತ್ತಾನೆ?

ಆಮೇಲೆ ಚೀಲದ ಹಿಡಿ ನೋಡಿದಳು. ಸ್ಟಿಕರ್ ಇನ್ನೂ ಹಾಗೇ ಇತ್ತು. ಕಿತ್ತಳೆ ಬಣ್ಣದ್ದು.

ಅವಳು ಚೀಲ ಹಿಡಿದು ಅಮರೇಶ್ವರನ ಅಡುಗೆಮನೆಗೆ ನಡೆದಳು. ಮನೆಯವರನ್ನೆಲ್ಲ ಕರೆದಳು.

\* \* \*

"ನಿಮ್ಮ ಸಾಮಾನಿಗೆ ಹಸಿರು ಸ್ಟಿಕರ್," ಎಂದಳು. "ನಿನ್ನೆ ಸಂಜೆ ಅದು ಖಾಲಿಯಾಯ್ತು. ಇವತ್ತು ಏಳು ಗಂಟೆಗೆ ನಮ್ಮನೆಯಿಂದ ಕಿತ್ತಳೆ ಹಾಳೆ ತಂದೆ, ಅದಕ್ಕೆ ಮುಂಚೆ ಈ ಬಣ್ಣ ಇಲ್ಲಿರ್ಲಿಲ್ಲ. ಏಳೂವರೆಗೆ ಈ ಚೀಲ ಮಾರಾಟ ಆಯ್ತು. ಅಂದ್ರೆ ಆ ಅರ್ಧ ಗಂಟೇಲೇ ಯಾರೋ ಇದಕ್ಕೆ ಸ್ಟಿಕರ್ ಅಂಟಿಸಿದಾರೆ."

ಅವಳು ಚೀಲವನ್ನು ಮೇಜಿನ ಮೇಲಿಟ್ಟಳು.

"ಆರೂವರೆಯಿಂದ ಎಂಟರವರೆಗೆ ಆಂಟಿ ನಮ್ಮನೇಲಿ ಎಲ್ಲರಿಗೂ ಅವಲಕ್ಕಿ ಮಾಡ್ತಿದ್ರು. ಮಗೂನೂ ಅವರ ಹತ್ರಾನೇ ಇತ್ತು. ಅರ್ಪಿತಾ ಬೋರ್ಡ್ ಹಾಕೋಕೆ ಕಾರಲ್ಲಿ ಹೋಗಿದ್ಲು. ಇಲ್ಲಿದ್ದಿದ್ದು ನಾನು, ನೀವು ಇಬ್ರೇ."

"ಕೈತಪ್ಪಿ ನಾನ ಇಟ್ಟಿರಬಹುದು," ಎಂದ ಅಮರೇಶ್ವರ.

"ಕೈತಪ್ಪಿ ಇಟ್ಟಿದ್ರೆ ಪಾಸ್‌ಪೋರ್ಟ್ ಒಳಗೇ ಇರ್ತಿತ್ತು. ಮುದುಕ ಬಿಚ್ಚೋಕೆ ಮುಂಚೇನೇ ಅದನ್ನ ತೆಗೆದಾಗಿತ್ತು. ಇನ್ನೊಂದು. ಕಾನ್ಸುಲೇಟನ್ನ ಕೇಳೀನಿ ಅಂದ್ರಿ. ಇವತ್ತು ಶನಿವಾರ, ಆಫೀಸಿಗೆ ರಜ. ಪಾಸ್‌ಪೋರ್ಟ್ ಕಳೆಯೋ ಮೊದಲೇ ಹೊಸದಕ್ಕೆ ಎಷ್ಟು ದಿನ ಅಂತ ಕೇಳಿದ್ಯಾಕೆ?"

ಅರ್ಪಿತಾ ಗಂಡನ ಕಡೆ ತಿರುಗಿದಳು. "ಅಮರ್, ಹೌದಾ?"

ಅಮರೇಶ್ವರ ಕುರ್ಚಿ ಎಳೆದು ಕೂತ. "ಡೇಕೇರ್‌ದಾಗ ಜುಲೈ ಹತ್ತರತನಾ ಜಾಗಾ ಇಲ್ಲ. ನೀ ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡ್ತಿ. ನಂದು ಹೊಸಾ ಕಂಪನಿ, ಹದಿನಾಲ್ಕು ತಾಸು ಕೆಲಸ. ರಜಾ ಕೇಳಿದವರನ್ನ ಮನೀಗೆ ಕಳಸ್ಯಾರ. ಕೂಸಿನ್ನ ಯಾರು ನೋಡ್ಕೋಬೇಕು? ಆರು ವಾರ ಸಿಕ್ಕರ ಸಾಕು ಅಂದ್ಕೊಂಡೆ."

ಎದ್ದು ಹೋಗಿ ಕಾರಿನ ಡಿಕ್ಕಿಯಲ್ಲಿ ಸ್ಪೇರ್ ಟೈರಿನ ಕೆಳಗಿಟ್ಟಿದ್ದ ಪಾಸ್‌ಪೋರ್ಟ್ ತಂದು ತಾಯಿಯ ಮುಂದಿಟ್ಟ. ಮತ್ತೆ ಅದೇ ಕುರ್ಚಿಯಲ್ಲಿ ಕೂತ.

ಚನ್ನಮ್ಮ ಒಂದೊಂದೇ ಹಾಳೆ ತಿರುವಿದರು. ತಮ್ಮ ಫೋಟೋ, ವೀಸಾ, ಮುದ್ರೆ. ಬೈಯಲಿಲ್ಲ.

"ಕೇಳಿದ್ರ ಇರ್ತಿದ್ದೆನೋ ಏನೋ," ಎಂದರು. "ಆರು ತಿಂಗಳು ಕೂಸಿನ್ನ ಎತ್ತಿ ಆಡಿಸೀನಿ, ಇನ್ನಾರು ವಾರ ಭಾರ ಆಗ್ತಿತ್ತೇನು? ಸಾಲಿ ಹುಡುಗ್ಯಾರಿಗೆ ನಾನ ಹೇಳ್ತಿದ್ದೆ. ನೀ ಕೇಳಲೇ ಇಲ್ಲ."

"ಅವ್ವಾ..."

"ಮಂಗಳವಾರ ಏರ್‌ಪೋರ್ಟಿಗೆ ನೀ ಬರೂದು ಬ್ಯಾಡ. ಲಾವಣ್ಯಾ ಬಿಡ್ತಾಳ."

ಲಾವಣ್ಯಾ ತಲೆಯಾಡಿಸಿದಳು. ಚನ್ನಮ್ಮ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಮೆಟ್ಟಿಲು ಹತ್ತಿದರು. ಅರ್ಪಿತಾ ಅವರ ಹಿಂದೆಯೇ ಹೋದಳು. ಅಮರೇಶ್ವರ ಕುರ್ಚಿ ಬಿಟ್ಟು ಏಳಲಿಲ್ಲ.