ಒದ್ದೆ ಮಣ್ಣಿನ ಗುಟ್ಟು

ಬೆಳಗ್ಗೆ ಏಳಕ್ಕೆ ನೀರು ಹಾಕಿದ ಮಣ್ಣು ಸಂಜೆ ಆರಕ್ಕೂ ಹಸಿಯಾಗಿರುತ್ತದೆಯೇ? ಅದೂ ತಾರಸಿಯ ಮೇಲೆ, ಬರಿಗಾಲಿಟ್ಟರೆ ಬೊಬ್ಬೆ ಬರುವ ಈ ಬಿಸಿಲಿನಲ್ಲಿ? ಅವಳು ದಾಸವಾಳದ ಕುಂಡಕ್ಕೆ ಬೆರಳು ಇಳಿಸಿ ನೋಡಿದಳು. ಎರಡನೇ ಗೆಣ್ಣಿನವರೆಗೂ ಕೆಸರು.

ಮೂರು ವಾರದಿಂದ ಇದೇ ಕಥೆ. ಮಣ್ಣು ಒದ್ದೆ, ಎಲೆ ಹಳದಿ. ಐದು ಕುಂಡಗಳಲ್ಲಿ ಎರಡು ಆಗಲೇ ಕೈಕೊಟ್ಟಿದ್ದವು.

"ನಿನ್ನ ಕೈಗುಣ ಸರಿಯಿಲ್ಲ ಕಣೇ," ಎಂದಿದ್ದರು ಅತ್ತಿಗೆ ಫೋನಿನಲ್ಲಿ. "ಭಾನುವಾರ ಬಂದು ಉಳಿದಿದ್ದನ್ನ ನಮ್ಮನೆಗೆ ತಗೊಂಡು ಹೋಗ್ತೀನಿ."

ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಲೈಬ್ರರಿಯಲ್ಲಿ ಹರಿದು ಚಿಂದಿಯಾದ ಪುಸ್ತಕಕ್ಕೂ ಜೀವ ಕೊಡುವ ಕೈ ಇದು, ಗಿಡಕ್ಕೆ ಮಾತ್ರ ಆಗಿಬರುವುದಿಲ್ಲವೇ? ಗೇಣುದ್ದದ ಕಡ್ಡಿ ನೆಟ್ಟು ಸಾಕಿದ ದಾಸವಾಳ ಅದು. ಕೊಟ್ಟುಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ನೀರಿನ ಟ್ಯಾಂಕಿನ ಹಿಂದೆ ನೆರಳಿನಲ್ಲಿ ಕಾದು ಕುಳಿತಳು. ಒಂದೂವರೆಗೆ ತಾರಸಿಯ ಬಾಗಿಲು ಕಿರ್ರೆಂದಿತು.

ತಲೆಗೆ ಒದ್ದೆ ಕರ್ಚೀಫು, ಕೈಯಲ್ಲಿ ಬಕೆಟ್ಟು, ಕಳ್ಳಹೆಜ್ಜೆ. ಯಾರು ಅಂದರೆ, ಕೆಳಗಿನ ಕನ್ನಡಕದ ಅಂಗಡಿಯವನು! ದಾಸವಾಳದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, "ಕುಡಿ ತಾಯಿ, ಇವತ್ತಾದ್ರೂ ತಲೆ ಎತ್ತು," ಎನ್ನುತ್ತಾ ನೀರು ಸುರಿಯತೊಡಗಿದ.

"ಓಹೋ! ಕೊಲೆಗಾರ ನೀವೇನಾ?"

ಬಕೆಟ್ಟು ಉರುಳಿತು. ಅವನ ಮುಖ ಕೆಂಪೇರಿದ್ದು ಬಿಸಿಲಿಗಷ್ಟೇ ಅಲ್ಲ.

"ಒಂದಿನ ಊಟ ಮಾಡೋಕೆ ಮೇಲೆ ಬಂದಿದ್ದೆ. ಪಾಪ, ತಲೆ ಬಗ್ಗಿಸಿ ನಿಂತಿತ್ತು. ಬಾಯಾರಿದೆ ಅನ್ಕೊಂಡೆ."

"ನಡು ಮಧ್ಯಾಹ್ನ ಅದು ಹಾಗೇ ಜೋಲುತ್ತೆ ರೀ, ಸಂಜೆಗೆ ತಾನೇ ಎದ್ದು ನಿಲ್ಲುತ್ತೆ. ಊರಿನವರ ಕಣ್ಣೆಲ್ಲಾ ಪರೀಕ್ಷೆ ಮಾಡ್ತೀರಿ, ಇಷ್ಟು ಕೆಸರು ಕಾಣಲಿಲ್ವಾ?"

"ಕೆಸರು ನಾನೆಲ್ಲಿ ನೋಡ್ದೆ?" ಅವನು ಕರ್ಚೀಫು ಹಿಂಡುತ್ತಾ ತಡವರಿಸಿದ. "ದಿನಾ ಸಂಜೆ ನೀವು ಹಳದಿ ಎಲೆ ಹಿಡ್ಕೊಂಡು ನಮ್ಮ ಅಂಗಡಿ ಮುಂದಿನ ಕಸದ ಡಬ್ಬಿಗೆ ಹಾಕೋಕೆ ಬರ್ತಿದ್ರಿ. ಮುಖ ಸಪ್ಪಗೆ ಮಾಡ್ಕೊಂಡು. ಅದನ್ನ ನೋಡೋಕಾಗದೆ ಮಾರನೇ ದಿನ ಇನ್ನೊಂದಿಷ್ಟು ಜಾಸ್ತಿ ಹಾಕ್ತಿದ್ದೆ."

ಚೆನ್ನಾಗಿ ಬೈಯಬೇಕು ಅಂದುಕೊಂಡವಳಿಗೆ ನಗು ಬಂದುಬಿಟ್ಟಿತು. ತನ್ನ ಮುಖ ಸಪ್ಪಗಾದದ್ದನ್ನು ದಿನವೂ ನೋಡುವವನೊಬ್ಬ ಇದ್ದನೇ? ಒಳಗೊಳಗೇ ಖುಷಿಯಾಯಿತು.

ಇಬ್ಬರೂ ಸೇರಿ ಗಿಡವನ್ನು ಕುಂಡದಿಂದ ಬಿಡಿಸಿದರು. ಕೊಳೆತ ಕಪ್ಪು ಬೇರುಗಳನ್ನು ಅವಳು ಕತ್ತರಿಸಿದಳು, ಅವನು ಒಣಮಣ್ಣಿಗೆ ಮರಳು ಬೆರೆಸಿಕೊಟ್ಟ. ಕೈಗೆ ಕೈ ತಾಗಿದಾಗ ಇಬ್ಬರೂ ಬೇರನ್ನೇ ನೋಡಿದರು.

"ಹೊಸ ಚಿಗುರು ಬರೋ ತನಕ ನೀವು ಈ ಮೆಟ್ಟಿಲು ಹತ್ತಬಾರದು," ಎಂದು ಗದರಿಸಿದಳು.

"ಬರದೇ ಹೋದ್ರೆ?"

"ಹತ್ತಲೇಬಾರದು."

ಅತ್ತಿಗೆಗೆ ಫೋನ್ ಮಾಡಿ, ಭಾನುವಾರ ಬರುವುದು ಬೇಡ ಎಂದಳು.

ಪುಣ್ಯಾತ್ಮ ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದ. ಮೂರನೇ ದಿನಕ್ಕೇ ಅವಳಿಗೆ ಯಾಕಾದರೂ ಹೇಳಿದೆನೋ ಎನಿಸಿತು. ಸಂಜೆ ಅಂಗಡಿಯ ಗಾಜಿನಾಚೆಯಿಂದ ಅವನು ಹುಬ್ಬೇರಿಸಿ ಕೇಳುತ್ತಿದ್ದ. ಅವಳು ಇನ್ನೂ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಗಿಡ ಬದುಕಿಕೊಳ್ಳಲಿ ಎಂಬ ಆಸೆ ಈಗ ಗಿಡಕ್ಕಾಗಿ ಮಾತ್ರ ಉಳಿದಿರಲಿಲ್ಲ.

ಹದಿನಾಲ್ಕನೇ ದಿನ ಬೆಳಗ್ಗೆ ದಾಸವಾಳದ ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಎರಡೆರಡು ಮೆಟ್ಟಿಲು ಹಾರಿ ಇಳಿದವಳು ಅಂಗಡಿ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಳು.

"ಚಿಗುರು ಬಂತು. ಬನ್ನಿ."

ಅವನು ಗಡಿಬಿಡಿಯಿಂದ ಬಕೆಟ್ಟಿಗೆ ಕೈ ಹಾಕಿದ.

"ಅದನ್ನ ಇಲ್ಲೇ ಬಿಡಿ, ನೀರು ನಾನು ಹಾಕಿದೀನಿ," ಎಂದಳು. "ನೀವು ಸುಮ್ನೆ ಬನ್ನಿ. ಇನ್ಮೇಲೆ ದಿನಾ ಬನ್ನಿ."