ಎರಡು ಅಂಕಿ ತಪ್ಪಿದ ವಾರ

ಸೋಮವಾರ ಬೆಳಿಗ್ಗೆ ಆದಿಲಕ್ಷ್ಮಿಯ ಕೈಯಲ್ಲೊಂದು ಮೆಮೋ ಇತ್ತು.

"ಇನ್ನೂರು ಗೇರ್ ಹಾಳಾಗೋಯ್ತಂತೆ. ತಪ್ಪು ಸ್ಲಿಪ್ ಕಳ್ಸಿದ್ದು ನಾನೇ ಅಂತೆ. ಬುಧವಾರ ಉತ್ರ ಕೊಡ್ಬೇಕು. ಇಲ್ದಿದ್ರೆ ಟ್ರೈನಿಂಗ್ ಮುಗೀತು, ಸೂಳಗಿರಿಗೆ ವಾಪಸ್. ಅಲ್ಲಿ ಮಾವನ ಮಗ ಕಾಯ್ತಾವ್ನೆ."

ಅದು ೧೯೮೭. ಹೊಸೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ರೂಮಿನಲ್ಲಿ ನಾವಿಬ್ಬರೂ ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ಗೇರುಗಳನ್ನು ಎಷ್ಟು ನಿಮಿಷ ಕಾಯಿಸಬೇಕು, ಎಷ್ಟು ನಿಮಿಷ ತಣಿಸಬೇಕು ಎಂಬ ಸ್ಲಿಪ್ಪನ್ನು ಅದು ಕುಲುಮೆಗೆ ಅಚ್ಚು ಹಾಕಿ ಕೊಡುತ್ತಿತ್ತು. ಅದರೊಳಗೆ ಲೆಕ್ಕ ಹಾಕುವ ತುಣುಕು, ಅಂದರೆ ಫಂಕ್ಷನ್, ನನ್ನದು. ಅದಕ್ಕೆ ಅಂಕಿ ಕೊಟ್ಟು ಕರೆಯುವವಳು ಅವಳು. ಮೊದಲ ಅಂಕಿ ಕಾಯಿಸುವುದಕ್ಕೆ, ಎರಡನೆಯದು ತಣಿಸುವುದಕ್ಕೆ.

ಮ್ಯಾನೇಜರ್ ವೆಂಕಟರಮಣಪ್ಪನವರ ಮೂಗಿನ ದನಿಯಲ್ಲಿ ನಾನು, "ಯಾರಮ್ಮಾ, ಪ್ರಿಂಟರಿಗೆ ಕೆಮ್ಮು ಹತ್ಸಿದ್ದು?" ಎಂದರೆ ಸಾಕು, ಅವಳು ಸೆರಗಿನ ತುದಿ ಕಚ್ಚಿ ನಗುತ್ತಿದ್ದಳು. ಆ ನಗುವಿಗಾಗಿಯೇ ಅರ್ಧ ಕಾರ್ಖಾನೆಯ ದನಿ ಕಲಿತಿದ್ದೆ. ಅಂದು ಮೆಮೋ ಓದಿದವನೇ ನನ್ನ ಫಂಕ್ಷನ್ ತೆಗೆದು ನೋಡಿದೆ.

ಶುಕ್ರವಾರ ಫಂಕ್ಷನ್ನಿನಲ್ಲಿ ಆ ಎರಡು ಅಂಕಿಗಳ ಜಾಗಗಳನ್ನು ಅದಲುಬದಲು ಮಾಡಿದವನು ನಾನು. ಹಾಗಿದ್ದರೆ ಚೆಂದವೆನಿಸಿತ್ತು. ಅವಳಿಗೆ ಹೇಳಲಿಲ್ಲ. ಅವಳು ಸರಿಯಾದ ಅಂಕಿಗಳನ್ನೇ ಕೊಟ್ಟಳು. ಅವು ತಪ್ಪು ಜಾಗದಲ್ಲಿ ಕೂತವು.

ಎರಡು ದಿನ ಅವಳ ಜಡೆಯನ್ನೇ ನೋಡುತ್ತ ಸುಮ್ಮನಿದ್ದೆ. ಬುಧವಾರ ಒಳಗೆ ಹೋದೆ.

"ಸಾರ್, ತಪ್ಪು ನನ್ದು."

ವೆಂಕಟರಮಣಪ್ಪನವರು ಕನ್ನಡಕ ತೆಗೆದರು. "ಇದು ಯಾರ ದನಿನಯ್ಯಾ, ಅಶ್ವತ್ಥ?"

"ನನ್ದೇ ಸಾರ್."

ಅವಳ ಮೆಮೋ ರದ್ದಾಯಿತು. ಮರುದಿನದಿಂದ ನನಗೆ ಸ್ಟೋರ್ಸಿನ ಕೆಲಸ. ಫಂಕ್ಷನ್ ಸರಿಮಾಡಿ ಹೋಗಲು ಒಂದು ಮಧ್ಯಾಹ್ನ ಕೊಟ್ಟರು.

ಅವಳು ಪಕ್ಕದ ಕುರ್ಚಿಗೆ ಬಂದು ಕೂತಳು. "ಗೇರ್ ಹೋಗಿದ್ದಕ್ಕಲ್ಲ ನನ್ ಸಿಟ್ಟು. ಎರಡು ದಿನ ಬಾಯಿ ಮುಚ್ಕೊಂಡಿದ್ಯಲ್ಲ."

"ಹೆದ್ರುಬುಟ್ಟೆ."

"ಕೆಲ್ಸ ಹೋಗ್ತದೆ ಅಂತಾನಾ?"

"ನೀನು ನನ್ ಜೊತೆ ಮಾತು ಬಿಟ್ಬುಡ್ತೀಯ ಅಂತ."

ಅವಳ ಕಿವಿಯ ಓಲೆ ಅಲುಗುವುದು ನಿಂತಿತು. ಆಮೇಲೆ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

"ಕೀವರ್ಡ್ ಹಾಕಾಣ. ಒಂದೊಂದ್ ಅಂಕಿಗೂ ಒಂದು ಹೆಸ್ರು. ಹೀಟ್ ತೊಂಬತ್ತು, ಕೂಲ್ ನಲ್ವತ್ತೈದು. ಯಾವ್ದು ಮುಂದೆ ಬಂದ್ರೂ ಹೆಸ್ರು ನೋಡಿ ತನ್ ಜಾಗಕ್ಕೆ ಹೋಗ್ತದೆ."

"ಯಾರೂ ಹೆಸ್ರೇ ಹೇಳ್ದಿದ್ರೆ?"

"ಡಿಫಾಲ್ಟ್ ತಗಂತದೆ. ಮೊದ್ಲೇ ಬರೆದಿಟ್ಟಿರೋದು." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮನೇಲೂ ಹಂಗೇ. ಬೇರೆ ಹೆಸ್ರು ಬರ್ಲಿಲ್ಲ ಅಂದ್ರೆ ಮಾವನ ಮಗನೇ."

ಕುರ್ಚಿಯನ್ನು ಅವಳ ಹತ್ತಿರಕ್ಕೆ ಸರಿಸಿ, ಪ್ರೋಗ್ರಾಮಿನ ಅಚ್ಚು ಪ್ರತಿ ಬಿಡಿಸಿದೆ.

ಅರವತ್ತಮೂರು ಕಡೆ ಆ ಫಂಕ್ಷನ್ನನ್ನು ಕರೆದಿದ್ದೆವು. ನಾನು ಓದಿದೆ, ಅವಳು ಒಂದೊಂದಾಗಿ ತಿದ್ದಿದಳು. ಕೊನೆಯದು ಮುಗಿಯುವಾಗ ಶಿಫ್ಟಿನ ಸೈರನ್ ಕೂಗಿತು. ಅವಳು ಬ್ಯಾಗ್ ಹೆಗಲಿಗೇರಿಸಿದಳು.

"ಭಾನುವಾರ ಸೂಳಗಿರಿಗೆ ಬಾ. ಅಮ್ಮ ಮನೇಲಿರ್ತಾಳೆ."

"ಏನಂತ ಯೋಳ್ಲಿ? ನಿನ್ ಕೆಲ್ಸಕ್ಕೆ ಕುತ್ತು ತಂದಿದ್ದು ಮೊದ್ಲಾ, ನೀನೇ ಬೇಕು ಅನ್ನೋದು ಮೊದ್ಲಾ?"

ಬಾಗಿಲಲ್ಲಿ ನಿಂತು ಅವಳು ತಿರುಗಿದಳು. ಕಣ್ಣು ತುಂಬಿತ್ತು.

"ಯಾವ್ದು ಮೊದ್ಲಾದ್ರೂ ಆಯ್ತು," ಎಂದಳು. "ಒಂದನ್ನೂ ಬಿಡ್ಬೇಡ."